ಬಿದ್ದವರು ಏಳಲು ಎಷ್ಟು ವಾರ? 150 ವರ್ಷದ ಸುದ್ದಿಯ ಒಳಗಿನ ಲೆಕ್ಕ

2025ರ ಸೆಪ್ಟೆಂಬರ್ 3ರಂದು ಬೀಜಿಂಗ್‌ನಲ್ಲಿ ಸೇನಾ ಪೆರೇಡ್ ಇತ್ತು. ನಡೆದುಕೊಂಡು ಹೋಗುತ್ತಿದ್ದ ಪುಟಿನ್ ಮತ್ತು ಷಿ ಜಿನ್‌ಪಿಂಗ್ ಅವರ ಮಾತು ಆಫ್ ಮಾಡದೇ ಇದ್ದ ಮೈಕಿಗೆ ಸಿಕ್ಕಿಬಿತ್ತು. ಅಂಗಗಳನ್ನು ಮತ್ತೆ ಮತ್ತೆ ಕಸಿ ಮಾಡುತ್ತ ಹೋದರೆ ಸಾವನ್ನೇ ಗೆಲ್ಲಬಹುದು ಎಂಬ ಅರ್ಥದ ಮಾತು ಪುಟಿನ್ ಕಡೆಯಿಂದ ಬಂತು. ಈ ಶತಮಾನದಲ್ಲೇ ಮನುಷ್ಯ 150 ವರ್ಷ ಬದುಕಬಹುದು ಅಂತ ಕೆಲವರು ಹೇಳುತ್ತಾರೆ ಎಂದರು ಷಿ. ಇಬ್ಬರಿಗೂ ಆಗ 72.

ಅಲ್ಲಿಂದ 150 ಎಂಬ ಅಂಕಿ ವಾಟ್ಸಾಪ್ ಗುಂಪುಗಳಿಗೆ ಬಂದು ಕೂತಿತು. ಅದಕ್ಕೆ ಒಂದು ವರ್ಷ ಮುಂಚೆ, 2024ರ ಅಕ್ಟೋಬರ್‌ನಲ್ಲಿ, ತದ್ವಿರುದ್ಧದ ಸುದ್ದಿ ಬಂದಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಕಾಲ ಬದುಕುವ ದೇಶಗಳಲ್ಲೂ ಆಯಸ್ಸು ಏರುವ ವೇಗ ಕುಗ್ಗಿದೆ ಅನ್ನುವುದು. ಇವೆರಡರ ಮಧ್ಯೆ ನಮ್ಮ ಬೆಂಗಳೂರಿನ ಜಾಹೀರಾತು: ಸ್ವಲ್ಪ ರಕ್ತ ಕೊಡಿ, ನಿಮ್ಮ 'ನಿಜವಾದ ವಯಸ್ಸು' ಎಷ್ಟು ಅಂತ ಹೇಳುತ್ತೇವೆ. ಮೂರನ್ನೂ ಒಟ್ಟಿಗೆ ಓದಿದರೆ ತಲೆ ಕೆಡುವುದು ಸಹಜ ಅಲ್ವಾ?

ಈ ಗೋಜಲು ಬಿಡಿಸುವ ಒಂದು ಮಾತು ನಮ್ಮ ಮನೆಗಳಲ್ಲೇ ಇದೆ. ಕಾಯಿಲೆ ಬಿದ್ದು ಎದ್ದವರನ್ನು ನೋಡಲು ಹೋದಾಗ ಮೊದಲು ಕೇಳುವುದೇ "ಸುಧಾರಿಸಿಕೊಂಡ್ರಾ?" ಅಂತ. ಮುಪ್ಪನ್ನು ಅಳೆಯಲು ಹೊರಟಿರುವ ವಿಜ್ಞಾನಿಗಳೂ ಈಗ ಅದನ್ನೇ ಕೇಳುತ್ತಿದ್ದಾರೆ. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿದ್ದಾರೆ: ಎಷ್ಟು ದಿನಕ್ಕೆ?

150 ಎಲ್ಲಿಂದ ಬಂತು?

ಷಿ ಯಾರ ಮಾತನ್ನು ನೆನೆದರೋ ಅವರಿಗೇ ಗೊತ್ತು. ಆದರೆ ಈ ಅಂಕಿ ಒಂದು ಲೆಕ್ಕದೊಳಗೆ ಕಾಣಿಸಿಕೊಂಡಿದ್ದು 2021ರಲ್ಲಿ. ಸಿಂಗಪುರದ ಗೆರೋ ಕಂಪನಿ ಮತ್ತು ಅಮೆರಿಕದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಬಳಸಿದ್ದು ಯಾವುದೋ ದುಬಾರಿ ಜೀನ್ ಪರೀಕ್ಷೆಯನ್ನಲ್ಲ. ಮುಖ್ಯವಾಗಿ ಸಿಬಿಸಿ. ಜ್ವರ ಬಂದರೆ ಬೀದಿ ಕೊನೆಯ ಲ್ಯಾಬ್‌ನಲ್ಲಿ ಮಾಡಿಸುತ್ತೇವಲ್ಲ, ಅದೇ ರಕ್ತಕಣಗಳ ಎಣಿಕೆ. ಜೊತೆಗೆ ಜನ ದಿನಕ್ಕೆ ಎಷ್ಟು ನಡೆದಾಡುತ್ತಾರೆ ಎಂಬ ಲೆಕ್ಕ.

ಒಬ್ಬನೇ ಮನುಷ್ಯನ ಸಿಬಿಸಿ ಸಂಖ್ಯೆಗಳು ದಿನದಿಂದ ದಿನಕ್ಕೆ ಸ್ವಲ್ಪ ಆಚೀಚೆ ಆಗುತ್ತಲೇ ಇರುತ್ತವೆ. ನೆಗಡಿ ಬಂದರೆ ಏರುತ್ತವೆ, ಆಮೇಲೆ ತಮ್ಮ ಜಾಗಕ್ಕೆ ಮರಳುತ್ತವೆ. ಹೀಗೆ ಮರಳಲು ಹಿಡಿಯುವ ಸಮಯವನ್ನು ಅವರು ಲೆಕ್ಕ ಹಾಕಿದರು. 40ರ ಆಸುಪಾಸಿನಲ್ಲಿ ಸುಮಾರು ಎರಡು ವಾರ. 80ರಲ್ಲಿ ಸುಮಾರು ಆರು ವಾರ. ವಯಸ್ಸು ಏರಿದಂತೆ ಮರಳುವ ವೇಗ ಇಳಿಯುತ್ತದೆ. ಆ ಇಳಿಯುವ ಗೆರೆಯನ್ನು ಮುಂದಕ್ಕೆ ಎಳೆದರೆ 120 ಮತ್ತು 150ರ ನಡುವೆ ಎಲ್ಲೋ ಒಂದು ಕಡೆ ಅದು ಸೊನ್ನೆ ಮುಟ್ಟುತ್ತದೆ. ಅಂದರೆ ಆ ವಯಸ್ಸಿನಲ್ಲಿ ಸಣ್ಣ ನೆಗಡಿ ಬಂದರೂ ದೇಹ ವಾಪಸ್ ಬರುವುದಿಲ್ಲ.

ಸುದ್ದಿ ತಲೆಕೆಳಗಾದದ್ದು ಇಲ್ಲೇ. ಆ ಅಧ್ಯಯನ ಹೇಳಿದ್ದು, ಬೇರೆ ಯಾವ ಕಾಯಿಲೆಯೂ ಇಲ್ಲದವರ ದೇಹ ಕೂಡ 150 ದಾಟುವುದು ಕಷ್ಟ ಅಂತ. ಹರಡಿದ್ದು, 150 ವರ್ಷ ಬದುಕಬಹುದು ಅಂತ. ಗೋಡೆ ಎಲ್ಲಿದೆ ಅಂತ ತೋರಿಸಿದರೆ ಬಾಗಿಲು ಅಂದುಕೊಂಡ ಹಾಗೆ.

ಇನ್ನೊಂದು ತಕರಾರೂ ಇದೆ. ಗೆರೆಯ ಕೊನೆಯ ಭಾಗ ಯಾರೂ ನಡೆದು ನೋಡಿದ ದಾರಿಯಲ್ಲ. ದಾಖಲೆಯ ಪ್ರಕಾರ ಅತಿ ಹೆಚ್ಚು ಬದುಕಿದವರು ಫ್ರಾನ್ಸಿನ ಜಾನ್ ಕಾಲ್ಮಾ. 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ 164 ದಿನ. ಅದರಾಚೆಗೆ ಇರುವುದು ಬರೀ ಊಹೆಯ ಚುಕ್ಕೆಗೆರೆ.

ಬುಗುರಿ ಬೀಳುವ ಮುಂಚೆ

ಜೋರಾಗಿ ತಿರುಗುತ್ತಿರುವ ಬುಗುರಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಒಂದು ಸಲ ವಾಲಿ ತಕ್ಷಣ ನೆಟ್ಟಗಾಗುತ್ತದೆ. ವೇಗ ಕಡಿಮೆಯಾದ ಮೇಲೆ ಅಷ್ಟೇ ಮೆಲ್ಲಗೆ ತಟ್ಟಿ. ವಾಲುತ್ತದೆ, ಆ ಕಡೆ ಈ ಕಡೆ ತೂಗುತ್ತದೆ, ತುಂಬಾ ಹೊತ್ತಾದ ಮೇಲೆ ಸರಿಹೋಗುತ್ತದೆ. ಇನ್ನೂ ಸ್ವಲ್ಪ ಬಿಟ್ಟು ತಟ್ಟಿದರೆ ಬಿದ್ದೇ ಹೋಗುತ್ತದೆ. ಮೂರು ಸಲವೂ ಏಟು ಒಂದೇ. ತಟ್ಟುವ ಮೊದಲು ಸುಮ್ನೆ ನೋಡಿದ್ದರೆ ಮೂರು ಸಲವೂ ಬುಗುರಿ ನೆಟ್ಟಗೇ ನಿಂತಿತ್ತು.

ಕೆರೆಯ ನೀರು ಹಸಿರುಗಟ್ಟುವ ಮುನ್ನ, ಹವಾಮಾನ ದಿಢೀರ್ ಬದಲಾಗುವ ಮುನ್ನ ಇಂಥ ನಿಧಾನ ಕಾಣುತ್ತದೆ ಎಂದು ಪರಿಸರ ವಿಜ್ಞಾನಿಗಳು ಮೊದಲೇ ಗುರುತಿಸಿದ್ದರು. ನೆದರ್ಲೆಂಡ್ಸ್‌ನ ಮಾರ್ಟನ್ ಶೆಫರ್ ಈ ವಿಚಾರಕ್ಕೆ ಹೆಸರಾದವರು. ಅದೇ ಮಾತು ವೃದ್ಧರ ವೈದ್ಯಕ್ಕೂ ಬಂದಿದೆ. ದೇಹ ಕುಸಿಯುವ ಮುನ್ನ ಸುಧಾರಿಸಿಕೊಳ್ಳುವುದು ನಿಧಾನವಾಗುತ್ತದೆ.

ಹಾಗಾದರೆ ಒಂದೇ ಸಲ ತೆಗೆದ ರಕ್ತದಲ್ಲಿ ಇದು ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಅದನ್ನು ಮುಂದೆ ನೋಡೋಣ.

ನಮಗೆ ಗೊತ್ತಿರುವ ಎರಡು ಪರೀಕ್ಷೆ

ಇದು ತೀರಾ ಹೊಸ ವಿಚಾರವೇನಲ್ಲ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸುತ್ತಾರಲ್ಲ, ಅದು ಸುಧಾರಿಸಿಕೊಳ್ಳುವ ಶಕ್ತಿಯ ಪರೀಕ್ಷೆಯೇ. 75 ಗ್ರಾಂ ಗ್ಲೂಕೋಸ್ ಅನ್ನುವುದು ದೇಹಕ್ಕೆ ಬೇಕಂತಲೇ ಕೊಟ್ಟ ಒಂದು ತಟ್ಟು. ಎರಡು ಗಂಟೆಯಲ್ಲಿ ಸಕ್ಕರೆ 140ರ ಕೆಳಗೆ ಇಳಿದರೆ ಸರಿ. 200 ಅಥವಾ ಅದಕ್ಕಿಂತ ಮೇಲೇ ಇದ್ದರೆ ಡಯಾಬಿಟಿಸ್. ಫಾಸ್ಟಿಂಗ್ ಶುಗರ್ ನಾರ್ಮಲ್ ಬಂದು ಇದರಲ್ಲಿ ಸಿಕ್ಕಿಬೀಳುವವರು ಬೇಕಾದಷ್ಟು ಜನ. ನೆಟ್ಟಗೆ ನಿಂತ ಬುಗುರಿಯೂ ತಟ್ಟಿದಾಗಲೇ ಗುಟ್ಟು ಬಿಟ್ಟುಕೊಡುವುದು.

ಎರಡನೆಯದು ಟಿಎಂಟಿ. ಟ್ರೆಡ್‌ಮಿಲ್ ಮೇಲೆ ಓಡಿಸಿ ನಿಲ್ಲಿಸಿದ ಮೊದಲ ನಿಮಿಷದಲ್ಲಿ ಎದೆಬಡಿತ ಎಷ್ಟು ಇಳಿಯುತ್ತದೆ ಎಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ವೈದ್ಯರು ನೋಡಿದ್ದರು. 1999ರಲ್ಲಿ ಬಂದ ಅವರ ಅಧ್ಯಯನದಲ್ಲಿ, ಇಳಿಕೆ 12 ಬಡಿತ ಅಥವಾ ಅದಕ್ಕಿಂತ ಕಡಿಮೆ ಇದ್ದವರು ಮುಂದಿನ ಆರು ವರ್ಷಗಳಲ್ಲಿ ಸಾಯುವ ಸಂಭವ ಜಾಸ್ತಿ ಇತ್ತು. ಎದೆಬಡಿತ ಎಷ್ಟು ಮೇಲೇರಿತು ಅಂತ ಎಲ್ಲರೂ ನೋಡುತ್ತಾರೆ. ಎಷ್ಟು ಬೇಗ ಕೆಳಗಿಳಿಯಿತು ಅನ್ನುವುದೂ ಅಷ್ಟೇ ಹೇಳುತ್ತದೆ.

ಒಂದೇ ಜ್ವರ, ಇಬ್ಬರು

ರಾಜಾಜಿನಗರದ ಒಂದು ಮನೆ ಅಂತ ಇಟ್ಟುಕೊಳ್ಳಿ. ಸೊಸೆಗೆ 42, ಅತ್ತೆಗೆ 78. ಇಬ್ಬರಿಗೂ ಒಂದೇ ವಾರ ಫ್ಲೂ ಬಂತು. ಇಬ್ಬರ ಜ್ವರವೂ ಐದು ದಿನಕ್ಕೆ ಬಿಟ್ಟಿತು. ಸೊಸೆ ಮುಂದಿನ ಸೋಮವಾರ ಮೆಟ್ರೋ ಹತ್ತಿ ಆಫೀಸಿಗೆ ಹೋದಳು. ಅತ್ತೆ ಮಂಚದಲ್ಲೇ ಉಳಿದರು. "ಜ್ವರ ಇಲ್ಲವಲ್ಲ, ಇನ್ನೇನು?" ಅಂತ ಮನೆಯವರು ಅಂದುಕೊಂಡರು.

ಅತ್ತೆಯ ದೇಹದಲ್ಲಿ ನಡೆಯುತ್ತಿರುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೋಂಕಿನ ಜೊತೆ ಹೋರಾಡಲು ದೇಹಕ್ಕೆ ಪ್ರೋಟೀನ್ ಬೇಕು. ಊಟ ಸೇರದಿದ್ದಾಗ ಅದು ಮಾಂಸಖಂಡಕ್ಕೆ ಕೈ ಹಾಕುತ್ತದೆ. ಮಾಂಸಖಂಡ ಅಂದರೆ ಬರೀ ಭಾರ ಎತ್ತುವ ಯಂತ್ರವಲ್ಲ, ಕಷ್ಟಕಾಲದ ಉಳಿತಾಯವೂ ಹೌದು. 78ಕ್ಕೆ ಆ ಉಳಿತಾಯ ಮೊದಲೇ ಕರಗಿದೆ. ಮೇಲೆ ಮಲಗಿದ್ದೇ ಮಲಗಿದ್ದು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಟ್ಟು ನೋಡಿದ ಒಂದು ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಅವರ ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಹೋಗಿತ್ತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸುಮ್ನೆ ಮಲಗಿದ್ದರು ಅಷ್ಟೆ.

ಉರಿಯೂತದ ಕಥೆ ಬೇರೆ. ಸೊಸೆಯ ದೇಹದಲ್ಲಿ ಸೋಂಕು ಬಂದಾಗ ಉರಿ ಎದ್ದು, ಕೆಲಸ ಮುಗಿದ ಮೇಲೆ ಆರುತ್ತದೆ. ವಯಸ್ಸಾದವರಲ್ಲಿ ಅದು ಪೂರ್ತಿ ಆರುವುದಿಲ್ಲ, ಗ್ಯಾಸ್ ಸಿಮ್‌ನಲ್ಲಿಟ್ಟ ಹಾಗೆ ಉಳಿಯುತ್ತದೆ. ಇದಕ್ಕೆ ಒಂದು ಕಾರಣ ಮುದಿ ಕೋಶಗಳು. ಅವು ಒಡೆದು ಎರಡಾಗುವುದನ್ನು ನಿಲ್ಲಿಸಿರುತ್ತವೆ, ಆದರೆ ಸಾಯುವುದಿಲ್ಲ. ಕೂತಲ್ಲೇ ಉರಿಯೂತದ ರಾಸಾಯನಿಕಗಳನ್ನು ಹೊರಬಿಡುತ್ತ ಪಕ್ಕದವರನ್ನೂ ಕೆಡಿಸುತ್ತವೆ. ಇನ್ನು ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ. ಹೊಸ ರಕ್ಷಣಾ ಕೋಶಗಳನ್ನು ತಯಾರು ಮಾಡುವ ಆ ಗ್ರಂಥಿ ಎಷ್ಟೋ ದಶಕದ ಹಿಂದೆಯೇ ಕುಗ್ಗಲು ಶುರುವಾಗಿರುತ್ತದೆ.

ಹತ್ತನೇ ದಿನ ರಾತ್ರಿ ಅತ್ತೆ ಬಚ್ಚಲಿಗೆ ಹೋಗಲು ಎದ್ದರು. ಎದ್ದು ನಿಂತ ಕೂಡಲೇ ರಕ್ತ ಕಾಲಿನ ಕಡೆ ಇಳಿದು ಬಿಪಿ ಕುಸಿಯುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಸೊಸೆಯ ದೇಹ ಕೆಲವೇ ಸೆಕೆಂಡಿನಲ್ಲಿ ರಕ್ತನಾಳಗಳನ್ನು ಬಿಗಿಮಾಡಿ ಅದನ್ನು ಸರಿಪಡಿಸುತ್ತದೆ, ಅವಳಿಗೆ ಗೊತ್ತೂ ಆಗುವುದಿಲ್ಲ. ಅತ್ತೆಗೆ ಆ ಕೆಲವು ಸೆಕೆಂಡು ಉದ್ದವಾಯಿತು. ಕಣ್ಣು ಕತ್ತಲಿಟ್ಟಿತು. ಕಾಲಿನಲ್ಲಿ ಹಿಡಿದು ನಿಲ್ಲುವ ಬಲ ಇರಲಿಲ್ಲ. ನೆಲ ಒದ್ದೆ ಇತ್ತು.

ಸೊಂಟದ ಮೂಳೆ ಮುರಿದದ್ದು ಬಿದ್ದದ್ದರಿಂದ ಅಂತ ಕೇಸ್ ಶೀಟ್ ಹೇಳುತ್ತದೆ. ಅದು ಶುರುವಾದದ್ದು ಹತ್ತು ದಿನ ಮುಂಚೆ, ಜ್ವರದ ಪೆಟ್ಟಿನಿಂದ. ಅದರಿಂದ ಏಳುವ ಮೊದಲೇ ಎರಡನೆಯದು ಬಂತು. ಎರಡೇ ವಾರದಲ್ಲಿ ಸುಧಾರಿಸಿಕೊಳ್ಳುವವರಿಗೆ ಎರಡು ಪೆಟ್ಟಿನ ನಡುವೆ ಬಿಡುವು ಸಿಗುತ್ತದೆ. ಆರು ವಾರ ಬೇಕಾದವರಿಗೆ ಹಳೆ ಸಾಲ ತೀರುವ ಮೊದಲೇ ಹೊಸ ಸಾಲ. ಲಂಡನ್ನಿನ ವಿಮಾ ಲೆಕ್ಕಿಗ ಬೆಂಜಮಿನ್ ಗಾಂಪರ್ಟ್ಸ್ 1825ರಲ್ಲೇ ಒಂದು ಸಂಗತಿ ಗುರುತಿಸಿದ್ದ. ದೊಡ್ಡವರಾದ ಮೇಲೆ ಸಾವಿನ ಸಂಭವ ಸುಮ್ಮನೆ ಏರುವುದಿಲ್ಲ, ಇಷ್ಟಿಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತ ಹೋಗುತ್ತದೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು ಎಂಟು ವರ್ಷಕ್ಕೊಮ್ಮೆ. ಸಾಲ ಬೆಳೆಯುವ ರೀತಿಯೂ ಅದೇ ತಾನೆ.

ಯಾರ ವಾದ ಏನು?

ಮಿತಿ ಇದೆ ಅನ್ನುವವರಲ್ಲಿ ಮುಂಚೂಣಿಯಲ್ಲಿರುವವರು ಷಿಕಾಗೊದ ಜೇ ಓಲ್‌ಶಾನ್ಸ್ಕಿ. ಆಯಸ್ಸು ಏರುವ ವೇಗ ಕುಗ್ಗಿದೆ ಎಂದ 2024ರ ಆ ಸುದ್ದಿಯ ಹಿಂದಿನ ಅಧ್ಯಯನ ಅವರ ತಂಡದ್ದೇ. ಒಂದೊಂದೇ ಕಾಯಿಲೆ ಗೆದ್ದು ಇನ್ನು ಜಾಸ್ತಿ ವರ್ಷ ಗಳಿಸಲಾಗದು, ಒಂದು ತಪ್ಪಿದರೆ ಇನ್ನೊಂದು ಕಾದಿರುತ್ತದೆ ಅನ್ನುವುದು ಅವರ ವಾದ. ಅವರ ಎದುರು, 150 ಸಾಧ್ಯ ಅನ್ನುವ ಜೀವವಿಜ್ಞಾನಿ ಸ್ಟೀವನ್ ಆಸ್ಟಡ್ ಇದ್ದಾರೆ. 2000ದಲ್ಲಿ ಇಬ್ಬರೂ ತಲಾ 150 ಡಾಲರ್ ಬಾಜಿ ಕಟ್ಟಿದರು. ಆಗ ಬದುಕಿದ್ದವರಲ್ಲಿ ಯಾರಾದರೂ 150 ಮುಟ್ಟುತ್ತಾರಾ ಅಂತ. ತೀರ್ಪು 2150ರಲ್ಲಿ. ಹಣ ಮರಿಮಕ್ಕಳಿಗೆ ಬಿಡಿ.

ಮಿತಿಯೇ ಕಾಣುತ್ತಿಲ್ಲ ಅನ್ನುವವರೂ ಇದ್ದಾರೆ. 105 ದಾಟಿದ ಇಟಲಿಯ 3,836 ಜನರ ದಾಖಲೆ ನೋಡಿದ 2018ರ ಅಧ್ಯಯನವೊಂದು, ಆ ವಯಸ್ಸಿನ ನಂತರ ಸಾವಿನ ಸಂಭವ ಏರುವುದು ನಿಂತು ಸಮತಟ್ಟಾಗುತ್ತದೆ ಎಂದಿತು. ಆದರೆ ಅಷ್ಟು ಹೊತ್ತಿಗೆ ಅದು ವರ್ಷಕ್ಕೆ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ ಇರುತ್ತದೆ. ಅಲ್ಲದೆ ವಯಸ್ಸಿನ ದಾಖಲೆಗಳ ಮೇಲೇ ಅನುಮಾನ. ಅಮೆರಿಕದ ರಾಜ್ಯಗಳಲ್ಲಿ ಜನನ ಪ್ರಮಾಣಪತ್ರ ಜಾರಿಗೆ ಬಂದ ಮೇಲೆ 110 ದಾಟಿದವರ ಸಂಖ್ಯೆ 69ರಿಂದ 82 ಶೇಕಡಾ ಇಳಿಯಿತು ಎಂದು ಸಂಶೋಧಕ ಸಾಲ್ ನ್ಯೂಮನ್ ತೋರಿಸಿದ್ದಾರೆ. "ಪ್ಲೇಗಿನ ವರ್ಷ ಹುಟ್ಟಿದ್ದು" ಅಂತ ವಯಸ್ಸು ಹೇಳುತ್ತಿದ್ದ ಊರುಗಳನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಮೂರನೆಯವರು ರಿಪೇರಿ ಪಂಗಡ. ಮುಪ್ಪನ್ನೇ ನಿಧಾನ ಮಾಡಿದರೆ ಎಲ್ಲ ಕಾಯಿಲೆಯೂ ಮುಂದಕ್ಕೆ ಹೋಗುತ್ತದೆ ಅನ್ನುತ್ತಾರೆ. ಇವರ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ರಾಪಮೈಸಿನ್. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಈ ಔಷಧವನ್ನು ಬೆಳಕಿಗೆ ತಂದವರು ಭಾರತ ಮೂಲದ ಸುರೇನ್ ಸೆಹಗಲ್. 2009ರಲ್ಲಿ, ಆಗಲೇ ಮುದಿಯಾಗುತ್ತಿದ್ದ 600 ದಿನದ ಇಲಿಗಳಿಗೆ ಇದನ್ನು ಕೊಟ್ಟಾಗ ಹೆಣ್ಣಿಲಿಗಳ ಆಯಸ್ಸು 14, ಗಂಡಿಲಿಗಳದು 9 ಶೇಕಡಾ ಹೆಚ್ಚಿತು. ಮನುಷ್ಯರಲ್ಲಿ ಆಯಸ್ಸು ಹೆಚ್ಚಿಸಿದ ಪುರಾವೆ ಇಲ್ಲ.

ತಮಾಷೆ ಅಂದರೆ ಇದೇ ರಾಪಮೈಸಿನ್ ಅನ್ನು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ದೇಹ ಹೊಸ ಕಿಡ್ನಿಯನ್ನು ತಳ್ಳಿಹಾಕದಿರಲಿ ಅಂತ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುತ್ತಾರೆ. ಪುಟಿನ್ ಮಾತು ಎಡವುವುದೂ ಇಲ್ಲೇ. ಪ್ರತಿ ಅಂಗ ಕಸಿಯೂ ಒಂದು ದೊಡ್ಡ ಪೆಟ್ಟು. ಅದರಿಂದ ಏಳಬೇಕಾದದ್ದು ಹಳೆಯ ಮಾಂಸಖಂಡ, ಹಳೆಯ ರಕ್ತನಾಳ, ಹಳೆಯ ಮೆದುಳು. ಬಿಡಿಭಾಗ ಬದಲಿಸಿದರೆ ಓಡಲು ದೇಹ ಹಳೇ ಸ್ಕೂಟರ್ ಅಲ್ಲ. ಸ್ಕೂಟರ್ ರಿಪೇರಿಯಿಂದ ಸುಧಾರಿಸಿಕೊಳ್ಳಬೇಕಾಗಿಲ್ಲ.

ಮಾರಾಟಕ್ಕಿರುವ ವಯಸ್ಸು

ಬೆಂಗಳೂರಿನ ಜಾಹೀರಾತಿಗೆ ಬರೋಣ. ಜೈವಿಕ ವಯಸ್ಸಿನ, ಅಂದರೆ ಹುಟ್ಟಿದ ದಿನಾಂಕ ಬಿಟ್ಟು ದೇಹ ಎಷ್ಟು ಸವೆದಿದೆ ಅಂತ ನೋಡುವ, ಪರೀಕ್ಷೆ ಮೋಸ ಅಂತ ಹೇಳುವಂತಿಲ್ಲ. 2013ರಲ್ಲಿ ಸ್ಟೀವ್ ಹೋರ್ವಾತ್, ಡಿಎನ್‌ಎ ಮೇಲಿನ 353 ಜಾಗಗಳ ರಾಸಾಯನಿಕ ಗುರುತು ನೋಡಿ ವಯಸ್ಸು ಹೇಳುವ ವಿಧಾನ ಕಂಡುಹಿಡಿದರು. ಸಾವಿರಾರು ಜನರ ಸರಾಸರಿ ನೋಡಲು ಅದು ಒಳ್ಳೆಯ ಸಾಧನ. ತೊಂದರೆ ಬರುವುದು ಒಬ್ಬ ವ್ಯಕ್ತಿಯ ಕೈಗೆ ಒಂದೇ ಅಂಕಿ ಕೊಟ್ಟಾಗ.

2023ರಲ್ಲಿ ಹಾರ್ವರ್ಡ್‌ನ ವದೀಮ್ ಗ್ಲಾಡಿಷೆವ್ ತಂಡ ತೋರಿಸಿದ್ದು ಇದನ್ನೇ. ಸೊಂಟ ಮುರಿದು ತುರ್ತು ಆಪರೇಷನ್ ಆದ ಹಿರಿಯರ ಜೈವಿಕ ವಯಸ್ಸು ಮರುದಿನ ಏರಿತ್ತು. ಸುಮಾರು ಒಂದು ವಾರದೊಳಗೆ ಮತ್ತೆ ಇಳಿಯಿತು. ಗರ್ಭಿಣಿಯರಲ್ಲಿ, ತೀವ್ರ ಕೋವಿಡ್ ಆದವರಲ್ಲಿ ಕೂಡ ಹೀಗೆ ಏರಿಳಿತ ಕಂಡಿತು. ಅಂದಮೇಲೆ ಯಾವ ದಿನ ರಕ್ತ ಕೊಟ್ಟಿರಿ ಅನ್ನುವುದರ ಮೇಲೆ ನಿಮ್ಮ 'ನಿಜವಾದ ವಯಸ್ಸು' ಬದಲಾಗುತ್ತದೆ. ಒಂದು ಸಲದ ಪರೀಕ್ಷೆ ಒಂದು ಫೋಟೋ ಅಷ್ಟೆ. ಫೋಟೋದಲ್ಲಿ ಬುಗುರಿ ಯಾವಾಗಲೂ ನಿಂತೇ ಇರುತ್ತದೆ.

ಇನ್ನೊಂದು ತೊಡಕು ಅಳತೆಗೋಲಿನದು. ಜೈವಿಕ ವಯಸ್ಸು ಹೇಳುವ ಇಂಥ 'ಗಡಿಯಾರ'ಗಳಲ್ಲಿ ಬಹುಪಾಲು ತಯಾರಾದದ್ದು ಯುರೋಪ್, ಅಮೆರಿಕದವರ ಮಾದರಿಗಳಿಂದ. ವಿಟಮಿನ್ ಡಿ, ಬಿ12 ಕಡಿಮೆ, ಮಾಂಸಖಂಡ ಕಡಿಮೆ, ಹೊಟ್ಟೆಯ ಬೊಜ್ಜು ಜಾಸ್ತಿ ಇರುವ ನಮ್ಮವರಿಗೆ ಅದೇ ಅಳತೆ ಹೊಂದುತ್ತಾ? ಈ ಪ್ರಶ್ನೆ ಹಿಡಿದೇ ಐಐಎಸ್‌ಸಿಯ 'ಲಾಂಗೆವಿಟಿ ಇಂಡಿಯಾ' ತಂಡ 'ಭಾರತ್' ಹೆಸರಿನ ಅಧ್ಯಯನ ನಡೆಸುತ್ತಿದೆ. ಭಾರತೀಯರ ಮುಪ್ಪಿಗೆ ಭಾರತೀಯರದೇ ಅಳತೆ ಹುಡುಕುವುದು ಅದರ ಗುರಿ. ಆ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ನಿಂತಿರುವುದು ಚೇತರಿಕೆಗೇ. ಅದೇ ಕ್ಯಾಂಪಸ್‌ನ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸುತ್ತಲಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಮಾವಿನ ತೋಟಗಳ ನಡುವಿನ ಈ ಕೆಲಸ ಜಾಹೀರಾತಿನಲ್ಲಿ ಕಾಣುವುದಿಲ್ಲ. ಆದರೆ ಒಬ್ಬರನ್ನೇ ಮತ್ತೆ ಮತ್ತೆ ಅಳೆಯುವುದು ಇಲ್ಲಿ ನಡೆಯುತ್ತಿದೆ, ಬೇಕಾದದ್ದೂ ಅದೇ.

ಮುಂದೆ ಏನಾಗಬಹುದು?

ಮೊದಲು ಬದಲಾಗಬಹುದಾದದ್ದು ಆಪರೇಷನ್‌ಗೆ ಮುಂಚಿನ ತಪಾಸಣೆ. ಇಸಿಜಿ, ಎಕೋ ಜೊತೆಗೆ ಕುರ್ಚಿಯಿಂದ ಕೈ ಊರದೆ ಏಳಲು ಬರುತ್ತದಾ, ನಡಿಗೆ ಎಷ್ಟು ನಿಧಾನ, ಕೈಹಿಡಿತ ಎಷ್ಟು ಬಿಗಿ ಅಂತ ನೋಡುವುದು. ಇದಕ್ಕೆ ದೊಡ್ಡ ಯಂತ್ರ ಬೇಡ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಭಾಗಿಯಾಗಿದ್ದ 17 ದೇಶಗಳ 'ಪ್ಯೂರ್' ಅಧ್ಯಯನ 2015ರಲ್ಲಿ ಒಂದು ಫಲಿತಾಂಶ ಕೊಟ್ಟಿತು. ಕೈಹಿಡಿತದ ಬಲ 5 ಕಿಲೋ ಕಡಿಮೆ ಇದ್ದಂತೆ ಸಾವಿನ ಸಂಭವ 16 ಶೇಕಡಾ ಜಾಸ್ತಿ. ಹಿಡಿತವೇ ಸಾವಿಗೆ ಕಾರಣ ಅಂತಲ್ಲ. ಉಳಿತಾಯ ಎಷ್ಟಿದೆ ಅಂತ ತೋರಿಸುವ ಪಾಸ್‌ಬುಕ್ ಅದು. ಕಡಿಮೆ ಇದ್ದವರಿಗೆ ಆಪರೇಷನ್‌ಗೆ ಕೆಲವು ವಾರ ಮುಂಚೆಯೇ ವ್ಯಾಯಾಮ, ಪ್ರೋಟೀನ್ ಕೊಟ್ಟು ತಯಾರು ಮಾಡುವ ಪದ್ಧತಿ ಹೊರದೇಶಗಳಲ್ಲಿ ಬೆಳೆಯುತ್ತಿದೆ.

ವಿಮೆಯ ಕಡೆ ಎರಡಲಗಿನ ಕತ್ತಿ. 65 ದಾಟಿದವರಿಗೂ ಹೊಸ ಆರೋಗ್ಯ ವಿಮೆ ಸಿಗಬೇಕು ಅಂತ 2024ರಿಂದ ವಯಸ್ಸಿನ ಮಿತಿ ತೆಗೆಯಲಾಗಿದೆ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಅಡಿ 5 ಲಕ್ಷದ ರಕ್ಷಣೆ ಅದೇ ವರ್ಷ ಬಂತು. ಹುಟ್ಟಿದ ದಿನಾಂಕದ ಜಾಗಕ್ಕೆ ಜೈವಿಕ ವಯಸ್ಸು ಬಂದರೆ ಗಟ್ಟಿಮುಟ್ಟಾದವರ ಪ್ರೀಮಿಯಂ ಇಳಿಯಬಹುದು. ಬಡತನದಿಂದ, ಕೂಲಿಯಿಂದ ಬೇಗ ಸವೆದವರ ಪ್ರೀಮಿಯಂ ಏರುತ್ತದೆ. ತೆಗೆದ ಮಿತಿ ಹಿಂಬಾಗಿಲಿನಿಂದ ವಾಪಸ್ ಬಂದ ಹಾಗೆ. ಇದಕ್ಕೆ ನಿಯಮ ಈಗಲೇ ಬೇಕು, ಪರೀಕ್ಷೆ ಅಗ್ಗವಾದ ಮೇಲೆ ಅಲ್ಲ.

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಪ್ರಕಾರ ದೇಶದಲ್ಲಿ 60 ದಾಟಿದವರು 2050ರ ಹೊತ್ತಿಗೆ ಸುಮಾರು 34.7 ಕೋಟಿ ಆಗುತ್ತಾರೆ. ಐದರಲ್ಲಿ ಒಬ್ಬರು. ಆಸ್ಪತ್ರೆ ಬಿಲ್ ಆಗುವುದು ಬೆಡ್ ಹಿಡಿದ ದಿನಗಳಿಗೆ. ಮಕ್ಕಳು ರಜೆ ಹಾಕುವುದೂ ಆ ದಿನಗಳಿಗೇ. ಅತ್ತೆಗೆ ನಿಜವಾಗಿ ಜನ ಬೇಕಾದದ್ದು ಜ್ವರ ಬಿಟ್ಟ ಮೇಲಿನ ಐದು ವಾರ. ಎಬ್ಬಿಸಿ ನಡೆಸಲು, ತಟ್ಟೆಗೆ ಎರಡು ಚಮಚ ಬೇಳೆ ಜಾಸ್ತಿ ಬಡಿಸಲು, ರಾತ್ರಿ ಬಚ್ಚಲ ದೀಪ ಹಾಕಲು. ಆ ಐದು ವಾರಕ್ಕೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಲಂ ಇಲ್ಲ.

ಲ್ಯಾಬ್‌ಗಳಲ್ಲೂ ಇಲ್ಲ. ಮಳೆಗಾಲದಲ್ಲಿ ಡೆಂಗಿ ಬಂದರೆ ಬೆಂಗಳೂರಿನ ಮನೆಗಳಲ್ಲಿ ದಿನಾ ಸಿಬಿಸಿ ಮಾಡಿಸಿ ಪ್ಲೇಟ್‌ಲೆಟ್ ಎಣಿಸುತ್ತಾರೆ. ನಲವತ್ತು ಸಾವಿರ, ಅರವತ್ತು ಸಾವಿರ, ಒಂದು ಲಕ್ಷ. ಲಕ್ಷ ದಾಟಿತು ಅಂತ ಫೋನ್ ಬಂದ ದಿನ ಎಣಿಕೆ ನಿಲ್ಲುತ್ತದೆ. ಆರು ವಾರ ಬಿಟ್ಟು ಅದೇ ಲ್ಯಾಬ್‌ಗೆ ಹೋಗಿ, ಅದೇ ಅಗ್ಗದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಹಳೇ ಚೀಟಿಯ ಪಕ್ಕ ಇಟ್ಟು ನೋಡುವವರು ಅಪರೂಪ.